ಸಂಕಪ್ಪಯ್ಯನ ವಂಶದವರು

ಮದರಾಸಿಗೆ ವರ್ಗವಾಗಿ ಬಂದಾಗ ನನಗೆ ಮೂವತ್ತನಾಲ್ಕು. ಮೂರು ವರ್ಷ ಅಂದುಕೊಂಡು ಬಂದವನು ಇಲ್ಲೇ ನಿವೃತ್ತನಾಗಿ, ಪಶ್ಚಿಮ ಮಾಂಬಳದ ಫ್ಲಾಟಿನಲ್ಲಿ ಕೂತಿದ್ದೇನೆ. ಊರು ಬಿಟ್ಟವರಿಗೆ ಒಂದು ಅನುಕೂಲ ಉಂಟು. ನಾವು ಊರಿನ ಬಗ್ಗೆ ಏನು ಹೇಳಿದರೂ ತಿದ್ದುವವರು ಪಕ್ಕದಲ್ಲಿರುವುದಿಲ್ಲ. ಪುತ್ತೂರು ಕಡೆಯ ನಮ್ಮ ಊರಿನ ಜಗಲಿಯಲ್ಲಿ ಕೂತು ಇದೇ ಕಥೆ ಹೇಳಿದ್ದರೆ ಯಾರಾದರೊಬ್ಬರು ಕೆಮ್ಮುತ್ತಿದ್ದರು.

ಕಥೆ ಇಷ್ಟೇ. ನಮ್ಮ ಮುತ್ತಜ್ಜ ಪಕ್ಕದ ಗ್ರಾಮದ ಧಣಿಯೊಬ್ಬರ ಹಿಡಿತದಿಂದ ಒಬ್ಬ ಮೂಲದಾಳನ್ನೂ ಅವನ ಹೆಂಡತಿ ಮಕ್ಕಳನ್ನೂ ರಾತ್ರೋರಾತ್ರಿ ಬಿಡಿಸಿ ತಂದರು. ಹೊಳೆ ದಾಟಿಸಿದರು. ಬೆನ್ನಟ್ಟಿ ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರು. ಇದನ್ನು ಬ್ಯಾಂಕಿನ ಊಟದ ಹೊತ್ತಿನಲ್ಲಿ ಹೇಳಿದ್ದೇನೆ, ಇಲ್ಲಿನ ಕನ್ನಡ ಗೆಳೆಯರಿಗೆ ಹೇಳಿದ್ದೇನೆ, ತಮಿಳಿನಲ್ಲೂ ಹೇಳಿದ್ದೇನೆ. ಪ್ರತಿ ಸಲವೂ ಹೊಳೆಯಲ್ಲಿ ನೀರು ಸ್ವಲ್ಪ ಏರುತ್ತಿತ್ತು.

ಮೊನ್ನೆ ಮೊಮ್ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅವನ ಹೆಸರೇನು ತಾತಾ?"

ನನಗೆ ಗೊತ್ತಿರಲಿಲ್ಲ. ನನ್ನ ತಂದೆ ಹೇಳುವಾಗಲೂ ಹೆಸರು ಬಂದದ್ದಿಲ್ಲ. ಮುತ್ತಜ್ಜನ ಹೆಸರು, ಅವರ ಕಿವಿಯ ಒಂಟಿ, ಆ ಧಣಿಯ ಮನೆತನ, ಹೊಳೆಯ ಹೆಸರು, ಎಲ್ಲವೂ ಕಥೆಯಲ್ಲಿ ಉಂಟು. ಬಿಡುಗಡೆಯಾದವನು ಮಾತ್ರ 'ಒಬ್ಬ ಮೂಲದಾಳು'.

ಆ ವಾರವೇ ಕೊನ್ನೆಮರಾ ಗ್ರಂಥಾಲಯಕ್ಕೆ ಹೋಗಿ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಮತ್ತೆ ಓದಿದೆ. 1933ರ ಕಾದಂಬರಿ. ಕಾಲೇಜಿನಲ್ಲಿ ಓದಿದಾಗ ಕಣ್ಣೀರು ಹಾಕಿದ್ದು ಚೋಮನಿಗೆ. ಈ ಸಲ ನನ್ನ ಕಣ್ಣು ಹೋದದ್ದು ಧಣಿ ಸಂಕಪ್ಪಯ್ಯನ ಮೇಲೆ.

ಸಂಕಪ್ಪಯ್ಯ ಕೆಟ್ಟವನಲ್ಲ ನೋಡಿ. ಚೋಮನಿಗೆ ಬೇಸಾಯ ಮಾಡಬೇಕೆಂಬ ಆಸೆ, ಮನೆಯಲ್ಲಿ ಜೋಡಿ ಎತ್ತು ಬೇರೆ ಇವೆ. ಒಂದು ತುಂಡು ಭೂಮಿ ಕೊಟ್ಟರೆ ಏನಾಯಿತು ಎಂದು ಧಣಿಗೂ ಒಳಗೆ ಅನಿಸುತ್ತದೆ. ಆದರೆ ತಾಯಿ ಒಪ್ಪುವುದಿಲ್ಲ. ಹೊಲೆಯ ಗೇಣಿಗೆ ಕೂತರೆ ಲೋಕ ಏನಂದೀತು? ಅಲ್ಲಿಗೆ ಮುಗಿಯಿತು. ಸಂಕಪ್ಪಯ್ಯ ಹೊಡೆಯುವುದಿಲ್ಲ, ಬಯ್ಯುವುದೂ ಹೆಚ್ಚಿಲ್ಲ. ಅವನು ಕೊಡುವುದಿಲ್ಲ, ಅಷ್ಟೆ. ಕಾರಂತರು ಇವನನ್ನು ರಾಕ್ಷಸನನ್ನಾಗಿ ಮಾಡಿದ್ದಿದ್ದರೆ ನಮ್ಮಂಥ ಮನೆಯವರು ಪುಸ್ತಕ ಮುಚ್ಚಿ ನೆಮ್ಮದಿಯಿಂದ ಇರಬಹುದಿತ್ತು. ನಮ್ಮ ಅಜ್ಜಂದಿರು ಹಾಗಿರಲಿಲ್ಲವಪ್ಪಾ ಎಂದು. ಅವರು ಆ ದಾರಿಯನ್ನು ಮುಚ್ಚಿಬಿಟ್ಟರು. ಇಡೀ ಕಾದಂಬರಿಯಲ್ಲಿ ಚೋಮನನ್ನು ಬಿಡಿಸುವವರು ಒಬ್ಬರೂ ಇಲ್ಲ. ಮತಾಂತರವಾದರೆ ಭೂಮಿ ಸಿಕ್ಕೀತು ಎಂಬ ಒಂದು ಬಾಗಿಲು ಕಾಣುತ್ತದೆ. ಅದರ ತನಕ ಹೋಗಿಯೂ ತನ್ನ ದೈವವನ್ನು ಬಿಡಲಾರದೆ ಅವನು ಹಿಂದಿರುಗುತ್ತಾನೆ. ನೀರಿನಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತಲು ಸಹ ಮೇಲಿನವರ ಕೈ ಮುಂದೆ ಬರುವುದಿಲ್ಲ. ನನ್ನ ಕಥೆಯ ಹೊಳೆ ಎಲ್ಲಿ, ಕಾರಂತರ ನೀರು ಎಲ್ಲಿ!

ಇನ್ನೊಂದು ವಿಷಯವನ್ನು ವಿಮರ್ಶಕರು ಎಷ್ಟು ಹೇಳಬೇಕೋ ಅಷ್ಟು ಹೇಳಿಲ್ಲ ಎಂದು ಬ್ಯಾಂಕಿನವನಾಗಿ ನನಗೆ ಅನಿಸುತ್ತದೆ: ಅದು ಸಾಲ. ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವುದು ಸಾಲ ತೀರಿಸಲು. ಒಬ್ಬ ಮಗ ಜ್ವರ ಹತ್ತಿ ಸಾಯುತ್ತಾನೆ, ಇನ್ನೊಬ್ಬ ಅಲ್ಲೇ ಕಿರಿಸ್ತಾನಳನ್ನು ಕಟ್ಟಿಕೊಂಡು ನಿಲ್ಲುತ್ತಾನೆ, ಸಾಲ ಮಾತ್ರ ಹಾಗೇ ಇರುತ್ತದೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಅವಳು ಕಳೆದುಕೊಳ್ಳಬಾರದ್ದನ್ನು ಕಳೆದುಕೊಂಡ ಮೇಲೆ ಸಾಲ ವಜಾ ಆಗುತ್ತದೆ. ನಾನು ಮೂವತ್ತು ವರ್ಷದಲ್ಲಿ ಎಷ್ಟೋ 'ರೈಟ್ ಆಫ್' ಕಾಗದಗಳಿಗೆ ಸಹಿ ಹಾಕಿದ್ದೇನೆ. ಕನ್ನಡದಲ್ಲಿ ಇದಕ್ಕಿಂತ ಭೀಕರವಾದ ಸಾಲಮನ್ನಾ ನಾನು ಓದಿಲ್ಲ. ಕಾರಂತರು ಅದನ್ನು ಗಟ್ಟಿಯಾಗಿ ಹೇಳುವುದೂ ಇಲ್ಲ.

ಈ ಸಾಲ ಎಲ್ಲಿಂದ ಬಂತು ಎಂಬುದಕ್ಕೆ ನಾನಿರುವ ಈ ಊರಲ್ಲೇ ಉತ್ತರ ಉಂಟು. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆಯನ್ನು ಆಳಿದ್ದು ಮದರಾಸು. 1800ರಲ್ಲಿ ಬ್ಯೂಕನನ್ ಸಾಹೇಬ ಇಲ್ಲಿಂದಲೇ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿ, ನಮ್ಮ ಗದ್ದೆಗಳಲ್ಲಿ ದುಡಿಯುವವರು ಗುಲಾಮರು ಎಂದು ನೇರವಾಗಿಯೇ ಬರೆದ. 1843ರ ಐದನೇ ಕಾಯಿದೆ ಬಂದು, ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬನ ಆಸ್ತಿಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಿತು. 1862ರಿಂದ ದಂಡಸಂಹಿತೆಯಡಿ ಗುಲಾಮರನ್ನು ಕೊಳ್ಳುವುದು, ಮಾರುವುದು ಅಪರಾಧವಾಯಿತು. ಆಳನ್ನು ಆಸ್ತಿ ಎಂದು ಬರೆಯುವಂತಿಲ್ಲ, ಸರಿ; ಸಾಲಗಾರ ಎಂದು ಬರೆಯಬಹುದಲ್ಲ? ಮದುವೆಗೆ ಇಷ್ಟು, ಬೊಜ್ಜಕ್ಕೆ ಇಷ್ಟು. ದುಡಿಮೆಯೆಲ್ಲ ಬಡ್ಡಿಗೆ ಜಮಾ, ಅಸಲು ಕದಲುವುದಿಲ್ಲ. ಅಪ್ಪ ಸತ್ತರೆ ಖಾತೆ ಮಗನ ಹೆಸರಿಗೆ. ಜೀತಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯಿದೆಯಾದದ್ದು 1976ರಲ್ಲಿ. ಬಿ.ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಕೂಡ 1975ರದ್ದೇ. ಅದಕ್ಕೆ ಸ್ವರ್ಣಕಮಲ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಹೆಮ್ಮೆಪಟ್ಟರು, ನಮ್ಮ ಕಡೆಯ ಕಥೆ ಎಂದು. ಯಾವ ಕಡೆಯವರ ಕಥೆ ಎಂದು ಯಾರೂ ಕೇಳಲಿಲ್ಲ.

ಬಿಡಿಸಿದವರು ಇರಲೇ ಇಲ್ಲವೇ? ಇದ್ದರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಇದ್ದರು. ಸ್ವಜಾತಿಯವರಿಂದ ಬಹಿಷ್ಕಾರ ಉಂಡವರು. ಆದರೆ ಎಲ್ಲರ ಮುತ್ತಜ್ಜಂದಿರೂ ರಂಗರಾಯರಾಗಿದ್ದರೆ ಅವರಿಗೆ ಬಹಿಷ್ಕಾರ ಹಾಕಿದವರು ಯಾರು?

ಹಳೆಯ ಇನ್ನೊಂದು ಬಿಡುಗಡೆಯೂ ನಮ್ಮ ಮಂಗಳೂರಿನದೇ. ಅಮಿತಾವ್ ಘೋಷರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' (1992) ಓದಿದವರಿಗೆ ಗೊತ್ತು. ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆ ಪತ್ರ ಇಂದಿಗೂ ಉಳಿದಿದೆ. ಅವಳು ಅವನ ಮಕ್ಕಳ ತಾಯಿಯಾದಳು ಎಂದು ಘೋಷ್ ತರ್ಕಿಸುತ್ತಾರೆ. ಅವನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಗುಲಾಮ ಬೊಮ್ಮ. ಆ ಹೆಸರು ತುಳುನಾಡಿನದು ಎಂದು ತಿಳಿಯಲು ಘೋಷರು ಪ್ರೊ. ಬಿ.ಎ. ವಿವೇಕ ರೈಯವರ ನೆರವು ಪಡೆದರು. ಎಂಟುನೂರು ವರ್ಷದ ಹಿಂದಿನ ಒಬ್ಬ ಆಳಿನ ಹೆಸರಿಗಾಗಿ ಇಷ್ಟು ಅಲೆದ ಪುಸ್ತಕ ಇನ್ನೊಂದನ್ನು ನಾನು ಕಂಡಿಲ್ಲ. ಅದಕ್ಕಾಗಿ ಕೈ ಮುಗಿಯುತ್ತೇನೆ.

ಆದರೆ ಒಂದು ಕಡೆ ಘೋಷರ ಜತೆ ನನಗೆ ಜಗಳ ಉಂಟು. ಆ ಕಾಲದ ಗುಲಾಮಗಿರಿ ನಾವು ಅಂದುಕೊಂಡಷ್ಟು ಕ್ರೂರವಲ್ಲ, ಅದೊಂದು ಬಗೆಯ ಆಶ್ರಯ, ನಂಟು ಎನ್ನುವ ಕಡೆಗೆ ಅವರ ವಾದ ವಾಲುತ್ತದೆ. ದೇವರ ದಾಸನೆಂದು ಕರೆದುಕೊಂಡ ನಮ್ಮ ವಚನಕಾರರನ್ನೂ ಸಾಕ್ಷಿಗೆ ತರುತ್ತಾರೆ. ದೇವರ ಮುಂದೆ ದಾಸ ಎನ್ನುವುದು ರೂಪಕ, ಒಪ್ಪಿದೆ. ಗದ್ದೆಯಲ್ಲಿ ಅದು ಲೆಕ್ಕದ ಪುಸ್ತಕ. ಹಡಗಿನಲ್ಲಿ ಸರಕಿನ ಜತೆ ಓಡಾಡಿ, ಯಜಮಾನನ ಹಣದಲ್ಲಿ ಕುಡಿದು ಮಜಾ ಮಾಡಬಲ್ಲ ಬೊಮ್ಮನನ್ನು ತೋರಿಸಿ ಚೋಮನ ಅಜ್ಜಂದಿರ ವಿಷಯ ಮರೆಸಲು ಬರುವುದಿಲ್ಲ. ಆಶುವಿನ ಬಿಡುಗಡೆ ಪತ್ರದಲ್ಲೂ ಅವಳಿಗೆ ಒಂದು ಹೊಸ ಹೆಸರು ಇಟ್ಟಿದ್ದಾರೆ, ಬೆರಾಖಾ ಎಂದು. ಇಟ್ಟವನು ಬಿಡಿಸಿದವನೇ.

ಇಷ್ಟು ಓದಿ ಮುಗಿಸಿ ಊರಿಗೆ ಹೋದೆ, ತಮ್ಮನ ಮನೆಯ ಅಟ್ಟದಲ್ಲಿರುವ ತಂದೆಯ ಟ್ರಂಕು ತೆಗೆಸಿದೆ. ಭೂಸುಧಾರಣೆಯ ಕಾಲದ ಡಿಕ್ಲರೇಷನ್ನು, ಗೇಣಿಚೀಟು, ಜಾತಕ, ತಳದಲ್ಲಿ ಏಳನೆಯ ಎಡ್ವರ್ಡನ ಮುಖವಿರುವ ಛಾಪಾ ಕಾಗದ. ಕನ್ನಡ ಮೋಡಿ ಅಕ್ಷರ. ತಮ್ಮ ಟಾರ್ಚು ಹಿಡಿದ, ನಾನು ಓದಿದೆ. ಪಕ್ಕದ ಗ್ರಾಮದ ಆ ಧಣಿಗೆ ನಮ್ಮ ಮುತ್ತಜ್ಜ ಇಪ್ಪತ್ತೆರಡು ರೂಪಾಯಿ ಸಂದಾಯ ಮಾಡಿದ್ದಾರೆ. ಅದರ ಬಾಬ್ತು ಆಳೂ ಅವನ ಸಂಸಾರವೂ ಇನ್ನು ಮುಂದೆ ಮುತ್ತಜ್ಜನ ಗದ್ದೆಯಲ್ಲಿ ದುಡಿಯತಕ್ಕದ್ದು, ಹಣ ತೀರುವ ತನಕ. ಕೆಳಗೆ ಹೆಬ್ಬೆಟ್ಟು.

ಬ್ಯಾಂಕಿನಲ್ಲಿ ಇದಕ್ಕೆ 'ಟೇಕ್ ಓವರ್' ಎನ್ನುತ್ತೇವೆ. ಒಂದು ಬ್ಯಾಂಕಿನ ಸಾಲವನ್ನು ಇನ್ನೊಂದು ಬ್ಯಾಂಕು ತೀರಿಸಿ ಗಿರಾಕಿಯನ್ನು ತನ್ನ ಕಡೆ ಎಳೆದುಕೊಳ್ಳುವುದು. ಗಿರಾಕಿಗೆ ಕೆಲವೊಮ್ಮೆ ಅನುಕೂಲ ಆಗುವುದೂ ಉಂಟು. ಮುತ್ತಜ್ಜನ ಮನೆಯಲ್ಲಿ ಗಂಜಿ ಸ್ವಲ್ಪ ದಪ್ಪವಿತ್ತೋ ಏನೋ. ತಮ್ಮ ಹಾಗೇ ಹೇಳಿದ, "ನಮ್ಮಲ್ಲಿ ಹೊಡೆಯುವ ಕ್ರಮ ಇರಲಿಲ್ಲ ಅಣ್ಣಾ" ಅಂತ. ಸಂಕಪ್ಪಯ್ಯನಲ್ಲೂ ಇರಲಿಲ್ಲ ಎಂದು ಹೇಳೋಣ ಅಂದುಕೊಂಡೆ, ಹೇಳಲಿಲ್ಲ. ಅವನು 'ಚೋಮನ ದುಡಿ' ಓದಿಲ್ಲ.

ಪತ್ರದಲ್ಲಿ ಹೆಸರಿದೆ. ಚೆನ್ನೈಗೆ ಬಂದ ದಿನವೇ ಮೊಮ್ಮಗಳಿಗೆ ಹೇಳಿದೆ. ಅವಳು ಎರಡು ಸಲ ಉಚ್ಚರಿಸಿ ನೋಡಿ, "ಹಾಗಾದ್ರೆ ರಾತ್ರಿ ಹೊಳೆ ದಾಟಿದ್ದು?" ಎಂದಳು. ಅದು ಹಗಲಿನಲ್ಲೇ ಆಗಿರಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಯ ವೇಳೆಯಲ್ಲಿ ಎಂದೆ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವನ ಮರಿಮಕ್ಕಳು ಊರಿನ ಗುಡ್ಡೆಯ ಆಚೆ ಬದಿಯಲ್ಲೇ ಇದ್ದಾರೆ ಎಂದು ತಮ್ಮ ಹೇಳಿದ. ಅವರ ಮನೆಯಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೋ, ಅದನ್ನು ಮೊದಲು ಕೇಳಬೇಕು.