ತಾಸಿನ ಲೆಕ್ಕ, ಉಕ್ತೆಯ ಲೆಕ್ಕ

“ದಿನಗೂಲಿಗೆ ಬಂದಾಂವ ಚಲೋ ಎಡಿಕುಂಟಿ ತಂದು ಲಗೂ ಮುಗಿಸಿದ್ರ ಅವಂಗ ಲುಕ್ಸಾನ. ಉಕ್ತೆ ಹಿಡದಾಂವಗ ಅದ ಲಾಭ.” ತಂಬೂರದ ನಮ್ಮ ಹೊಲದ ಬದುವಿನ ಮೇಲೆ ಕಾಕಾ ಆಡಿದ ಈ ಮಾತು, ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಒಂದು ಲೆಕ್ಕವನ್ನು ಬಿಡಿಸಿಕೊಟ್ಟಿತು.

ಮನೆಯ ಕಂಪ್ಯೂಟರು ಸುಮ್ಮನಿರುವಾಗ ಅದನ್ನು ವಿಜ್ಞಾನಕ್ಕೆ ದುಡಿಯಲು ಬಿಡುವ ಪದ್ಧತಿಯೊಂದಿದೆ. 1999ರ ಮೇ 17ರಂದು ಬರ್ಕ್ಲಿಯಲ್ಲಿ ಶುರುವಾದ ಸೇಟಿ ಅಟ್ ಹೋಮ್ ಅದನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿತು. ಮರುವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೋಟೀನುಗಳ ಮಡಿಕೆಯನ್ನು ಲೆಕ್ಕಹಾಕುವ ಫೋಲ್ಡಿಂಗ್ ಅಟ್ ಹೋಮ್ ಬಂತು. ದುಡಿದದ್ದಕ್ಕೆ ಹಣವಿಲ್ಲ, ಅಂಕಗಳಿವೆ. ನನ್ನ ತಕರಾರು ಆ ಅಂಕಗಳ ಬಗ್ಗೆ.

ಸೇಟಿಯಿಂದ ಬೆಳೆದ ಬೋಯಿಂಕ್ ತಂತ್ರಾಂಶ ಮೊದಲು ಹಿಡಿದದ್ದು ದಿನಗೂಲಿಯ ದಾರಿ. ಯಂತ್ರದ ವೇಗವನ್ನು ಒಂದು ಸಣ್ಣ ಪರೀಕ್ಷೆಯಿಂದ ಅಳೆದು, ದುಡಿದ ಹೊತ್ತಿನಿಂದ ಗುಣಿಸಿದರೆ ಬೇಡಿಕೆಯ ಅಂಕ ಸಿಗುತ್ತಿತ್ತು. ಅದೇ ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಪರೀಕ್ಷೆಯ ಫಲ ಬದಲಾಗಿ ಅಂಕವೂ ಬದಲಾಗುತ್ತಿತ್ತು. ಯಾರೋ ಜಾಣರು ಲೆಕ್ಕದ ಪ್ರೋಗ್ರಾಮನ್ನೇ ತಿದ್ದಿ ಅರ್ಧ ಹೊತ್ತಿನಲ್ಲಿ ಮುಗಿಸಿದರೆ ಅವರ ಬೇಡಿಕೆಯೂ ಅರ್ಧವಾಗುತ್ತಿತ್ತು. ಒಂದೇ ಕೆಲಸವನ್ನು ಮೂವರಿಗೆ ಕೊಟ್ಟಾಗ ಹೆಚ್ಚಿನದನ್ನೂ ಕಡಿಮೆಯದನ್ನೂ ಬಿಟ್ಟು ನಡುವಿನ ಬೇಡಿಕೆಯನ್ನೇ ಎಲ್ಲರಿಗೂ ಕೊಡುತ್ತಿದ್ದರು. ಹಾಗಾಗಿ ಮೂವರಲ್ಲಿ ಇಬ್ಬರು ಚುರುಕಾದ ಪ್ರೋಗ್ರಾಮು ಹಾಕಿಕೊಂಡಿದ್ದರೆ ಮೂರನೆಯವನ ಗಳಿಕೆಯೂ ಇಳಿಯುತ್ತಿತ್ತು. ಇದಕ್ಕೆ ಉತ್ತರವಾಗಿ ಕೆಲವರು ವೇಗದ ಪರೀಕ್ಷೆಯನ್ನೇ ಉಬ್ಬಿಸಿ ತೋರಿಸುವ ಬೋಯಿಂಕ್ ಕಟ್ಟಿಕೊಂಡರು. ಅವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಅಳತೆಗೋಲೇ ಡೊಂಕಿತ್ತು. 2006ರಲ್ಲಿ ಸೇಟಿ, ನಡೆದ ಗಣಿತಕ್ರಿಯೆಗಳನ್ನೇ ಎಣಿಸತೊಡಗಿ ಉಕ್ತೆಯ ಲೆಕ್ಕಕ್ಕೆ ಬಂದದ್ದು ಸರಿಯಾದ ಹೆಜ್ಜೆ.

ಅದೇ ವರ್ಷ ಇಂಥದೇ ಇನ್ನೊಂದು ಯೋಜನೆಯಾದ ಐನ್‌ಸ್ಟೈನ್ ಅಟ್ ಹೋಮ್‌ನಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ಆಕೋಸ್ ಫೆಕೆಟೆ ಎಂಬ ಸ್ವಯಂಸೇವಕರು ಅದರ ಪ್ರೋಗ್ರಾಮನ್ನು ಬಹಳ ಚುರುಕುಗೊಳಿಸಿದಾಗ ಯೋಜನೆಯವರು ಆ ತಿದ್ದುಪಡಿಗಳನ್ನು ತಮ್ಮ ಅಧಿಕೃತ ಆವೃತ್ತಿಗೇ ಸೇರಿಸಿಕೊಂಡರು. ಒಬ್ಬರ ಎಡೆಕುಂಟೆ ಇಡೀ ಊರಿನದಾಯಿತು. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಪ್ರಸಂಗ ಇದು.

ಫೋಲ್ಡಿಂಗ್‌ನವರ ದಾರಿ ಬೇರೆ. ಅಲ್ಲಿ ಬೇಗ ಮರಳಿಸಿದವರಿಗೆ ಬೋನಸ್ಸು. ಅದು ವರ್ಗಮೂಲದ ಲೆಕ್ಕ: ಅರ್ಧ ಹೊತ್ತಿನಲ್ಲಿ ಮುಗಿಸಿದರೆ ಒಂದು ಕೆಲಸದ ಅಂಕ ಸುಮಾರು 1.4 ಪಟ್ಟಾಗುತ್ತದೆ. ದಿನಕ್ಕೆ ಎರಡು ಪಟ್ಟು ಕೆಲಸವೂ ಆಗುವುದರಿಂದ ದಿನದ ಗಳಿಕೆ 2.8 ಪಟ್ಟು. 2020ರಲ್ಲಿ ಎನ್‌ವಿಡಿಯಾ ಕಾರ್ಡುಗಳಿಗಾಗಿ ಕುಡಾ ಆವೃತ್ತಿ ಬಂದಾಗ ಕೋವಿಡ್ ಔಷಧ ಹುಡುಕುವ ಕೆಲವು ಕೆಲಸಗಳ ವೇಗ ದುಪ್ಪಟ್ಟಿನವರೆಗೆ ಏರಿತು. ವೇಗ ಹೀಗೆ ದುಪ್ಪಟ್ಟಾದಾಗ ಹಳೆಯ ಬೋಯಿಂಕ್ ಲೆಕ್ಕದಲ್ಲಿ ದಿನದ ಅಂಕ ಇದ್ದಲ್ಲೇ ಇರುತ್ತಿತ್ತು, ಕ್ರಿಯೆ ಎಣಿಸಿದರೆ ಎರಡು ಪಟ್ಟು, ಫೋಲ್ಡಿಂಗ್‌ನಲ್ಲಿ ಸುಮಾರು ಮೂರು ಪಟ್ಟು. ವಿಜ್ಞಾನಕ್ಕೆ ದಕ್ಕಿದ ಕೆಲಸ ಮೂರರಲ್ಲೂ ಒಂದೇ.

ಬೋನಸ್ಸಿಗೆ ಕಾರಣವಿದೆ, ಒಪ್ಪುತ್ತೇನೆ. ಪ್ರೋಟೀನಿನ ಚಲನೆಯ ಒಂದು ತುಣುಕು ಮರಳದೆ ಅದರ ಮುಂದಿನ ತುಣುಕು ಹುಟ್ಟುವುದಿಲ್ಲ. ಆದರೆ ತಂಬೂರದಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದರೆ ನನ್ನ ಯಂತ್ರ ಬೆಳಗಿನವರೆಗೆ ಸುಮ್ಮನಿರುತ್ತದೆ. ಬಂದ ಮೇಲೆ ಕೊನೆಯ ಸಲ ಉಳಿಸಿಟ್ಟಲ್ಲಿಂದ ಮುಂದುವರಿಯುತ್ತದೆ, ಮಾಡಿದ ಲೆಕ್ಕ ಬಹುಪಾಲು ಹಾಳಾಗುವುದಿಲ್ಲ. ಗಡಿಯಾರ ಮಾತ್ರ ಕೆಲಸ ಇಳಿಸಿಕೊಂಡ ಗಳಿಗೆಯಿಂದ ಓಡುತ್ತಲೇ ಇರುತ್ತದೆ. 10 ತಾಸಿನ ಕೆಲಸಕ್ಕೆ 20 ತಾಸು ಹಿಡಿದರೆ ಅಂಕದಲ್ಲಿ ಶೇಕಡ 30ರಷ್ಟು ಕಡಿತ. ಅವಸರ ನಿಜವಾಗಿ ಇರುವ ಕೆಲಸಗಳಿಗೆ ಬೋನಸ್ಸು ಇರಲಿ, ಆದರೆ ಅದನ್ನು ಮೂಲ ಅಂಕದಿಂದ ಬೇರೆಯಾಗಿ ತೋರಿಸಬೇಕು.

ಪ್ರೋಗ್ರಾಮು ಬದಲಾದರೆ ಉತ್ತರದ ಕೊನೆಯ ಅಂಕಿಗಳೂ ತುಸು ಬದಲಾಗುತ್ತವೆ. ದಶಮಾಂಶಗಳನ್ನು ಎಲ್ಲಿ ದುಂಡಗೆ ಮಾಡಬೇಕೆಂಬುದರಲ್ಲಿ ಪ್ರೊಸೆಸರುಗಳಿಗೂ ಕಂಪೈಲರುಗಳಿಗೂ ಏಕಮತವಿಲ್ಲ. ಅದಕ್ಕೇ ಬೋಯಿಂಕ್‌ನಲ್ಲಿ ಒಂದು ಕೆಲಸದ ಪ್ರತಿಗಳನ್ನು ಒಂದೇ ಬಗೆಯ ಯಂತ್ರಗಳಿಗೆ ಮಾತ್ರ ಕಳಿಸುವ ಏರ್ಪಾಡು ಇಟ್ಟಿದ್ದಾರೆ. ಅಂಕಪಟ್ಟಿಗಿಂತ ಈ ಎಚ್ಚರಕ್ಕೆ ನನ್ನ ಗೌರವ ಹೆಚ್ಚು.

ಈಗ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮೂರು ಸಂಗತಿ ಬರೆಯುತ್ತೇನೆ: ಮುಗಿಸಿ ಕಳಿಸಿದ ಕೆಲಸಗಳೆಷ್ಟು, ಪ್ರೋಗ್ರಾಮಿನ ಆವೃತ್ತಿ ಯಾವುದು, ಕರೆಂಟು ಎಷ್ಟು ತಾಸು ಇರಲಿಲ್ಲ. ನಿನ್ನೆಯ ಚೌಕದಲ್ಲಿ ಎರಡು ಕೆಲಸ, ಐದು ತಾಸು ಕತ್ತಲೆ.