ಬೆಳ್ಳಿ ತೀರಿಸಿದ ಸಾಲ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಅದು ನನಗೆ ಬೇರೆ ಬೇರೆ ಪುಸ್ತಕವಾಗಿಯೇ ಕಂಡಿತು.

ಮೊದಲ ಸಲ ಓದಿದ್ದು ಕಾಲೇಜಿನಲ್ಲಿದ್ದಾಗ. ಆಗ ಚೋಮನಿಗಾಗಿ ಅತ್ತಿದ್ದೆ. ಎರಡನೆಯ ಸಲ, 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ ಮೇಲೆ. ವಾಸುದೇವರಾಯರ ಮುಖ, ಆ ದುಡಿಯ ಸದ್ದು ತಲೆಯೊಳಗೆ ಕುಳಿತಿದ್ದರಿಂದ, ಆಗಲೂ ಓದಿದ್ದು ಚೋಮನನ್ನೇ. ಮೂರನೆಯ ಸಲ ಓದಿದ್ದು ಕೆಲವು ವರ್ಷಗಳ ಹಿಂದೆ, ಮಲೆನಾಡಿನ ನಮ್ಮ ತವರುಮನೆ ಪಾಲಾದಾಗ. ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯಲ್ಲಿ ಅಜ್ಜನ ತೋಟದ ಲೆಕ್ಕದ ಪುಸ್ತಕ ಸಿಕ್ಕಿತು. ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ‘ಚೋಮನ ದುಡಿ’ ತೆಗೆದೆ. ಆಗ ಮಾತ್ರ ನನಗೆ ಬೆಳ್ಳಿ ಕಂಡಳು.

1933ರಲ್ಲಿ ಬಂದ ಈ ಪುಟ್ಟ ಕಾದಂಬರಿಯ ಕಥೆ ನಿಮಗೆ ಗೊತ್ತಿರುವುದೇ. ಹೊಲೆಯರ ಚೋಮನಿಗೆ ಒಂದು ತುಂಡು ನೆಲ ಉಳಬೇಕೆಂಬ ಆಸೆ. ಅವನ ಹತ್ತಿರ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಆದರೆ ಹೊಲೆಯ ಬೇಸಾಯ ಮಾಡಬಾರದು ಎನ್ನುವುದು ಊರಿನ ಕಟ್ಟು. ಧಣಿ ಸಂಕಪ್ಪಯ್ಯನ ಮನಸ್ಸು ಕೊಂಚ ಮೆತ್ತಗಾದರೂ ಅವನ ತಾಯಿ ಒಪ್ಪುವುದಿಲ್ಲ. ಈ ತಾಯಿಯನ್ನು ನಾವು ಹೆಂಗಸರು ಸ್ವಲ್ಪ ನಿಂತು ನೋಡಬೇಕು. ಗಂಡಸರು ಕಟ್ಟಿದ ಬೇಲಿಗೆ ಕಾವಲು ಕೂರುವವರು ಎಷ್ಟೋ ಸಲ ನಾವೇ. ನನ್ನ ಅಜ್ಜಿಯೂ ಹಾಗೆಯೇ ಇದ್ದಳು. ಕೆಲಸದವರಿಗೆ ಕೈ ತಾಗದಂತೆ ಮೇಲಿನಿಂದ ಗಂಜಿ ಸುರಿಯುತ್ತಿದ್ದ ಅದೇ ಅಜ್ಜಿ, ನಮ್ಮ ಪಾಲಿಗೆ ಮಹಾ ಕರುಣಾಳು.

ಚೋಮನಿಗೆ ಕಾಫಿ ತೋಟದವರ ಸಾಲವೂ ಇದೆ. ಅದನ್ನು ತೀರಿಸಲು ಇಬ್ಬರು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಕ್ರೈಸ್ತರ ಹುಡುಗಿಯ ಕೈಹಿಡಿದು ದೂರವಾಗುತ್ತಾನೆ. ಇನ್ನೊಬ್ಬ ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಗಂಡುಮಕ್ಕಳು ಬೆನ್ನು ಬಗ್ಗಿಸಿ ದುಡಿದರೂ ತೀರದ ಸಾಲ ಬೆಳ್ಳಿ ಹೋದ ಮೇಲೆ ತೀರುತ್ತದೆ. ಹೇಗೆ ತೀರಿತು ಎಂದು ಹೇಳಬೇಕಾಗಿಲ್ಲ. ಗಂಡಿನ ದುಡಿಮೆ ಬಡ್ಡಿಗೂ ಸಾಲದ ಕಡೆ ಹೆಣ್ಣಿನ ಮೈ ಅಸಲನ್ನೂ ತೀರಿಸುತ್ತದೆ.

ಇಷ್ಟು ದಿನ ನಾನು ಈ ಕಾದಂಬರಿಯನ್ನು ನೆಲ ಮತ್ತು ಜಾತಿಯ ಕಥೆಯೆಂದೇ ಓದಿದ್ದೆ, ಪಾಠ ಹೇಳಿದವರೂ ಹಾಗೆಯೇ ಹೇಳಿದ್ದರು. ಅದು ಸುಳ್ಳಲ್ಲ. ಆದರೆ ಇದರಲ್ಲಿ ಇನ್ನೂ ಒಂದು ಲೆಕ್ಕ ಇದೆ. ಆ ಕಾಫಿ ತೋಟ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ದೊರೆಗಳೂ ಅವರ ಹಿಂದೆಯೇ ನಮ್ಮವರೂ ಪಶ್ಚಿಮ ಘಟ್ಟದ ಕಾಡನ್ನು ಸವರಿ ಮಾಡಿದ್ದು ಅದು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಆಳು ಬೇಕಾಯಿತು. ಮೇಸ್ತ್ರಿಗಳು ಘಟ್ಟದ ಕೆಳಗಿನ ಬಡವರಿಗೆ ಮುಂಗಡ ಕೊಟ್ಟು ಕರೆತಂದರು. ಹೀಗೆ ಬಂದವರನ್ನು ಮಲೆನಾಡಿನ ಮಲೇರಿಯಾ ಜ್ವರ ನುಂಗಿತು. ಮರವನ್ನು ಇಷ್ಟು ದಿಮ್ಮಿ ಎಂದು ಎಣಿಸಿದ ಕೈಯೇ ಮನುಷ್ಯನನ್ನು ಇಷ್ಟು ಮುಂಗಡ ಎಂದು ಬರೆದುಕೊಂಡಿತು. ಕಾಡಿನ ಶೋಷಣೆ ಬೇರೆ, ಜನರ ಶೋಷಣೆ ಬೇರೆ ಎಂದು ನಾವು ಎರಡು ಅಧ್ಯಾಯ ಮಾಡಿಕೊಂಡಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ಅವೆರಡೂ ಒಂದೇ ಪುಟದಲ್ಲಿರುತ್ತವೆ.

ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ಭೂಸುಧಾರಣೆ ಬಂತು. ನಮ್ಮ ಸುತ್ತಲಿನ ಎಷ್ಟೋ ಗೇಣಿದಾರರು ಒಡೆಯರಾದರು. ಅದು ದೊಡ್ಡ ಕೆಲಸವೇ. ಆದರೆ ಚೋಮ ಗೇಣಿದಾರನಾಗಿರಲಿಲ್ಲ. ಅವನಿಗೆ ಗೇಣಿಗೆ ಉಳುವುದಕ್ಕೂ ಬಿಟ್ಟಿರಲಿಲ್ಲ. ಹಾಗಾದರೆ ಅವನಂಥವರಿಗೆ ಆ ಕಾನೂನು ಎಷ್ಟು ಕೊಟ್ಟಿತು? 1976ರಲ್ಲಿ ಜೀತ ನಿಷೇಧದ ಕಾಯಿದೆ ಬಂದು ಜೀತದ ಸಾಲವೆಲ್ಲ ರದ್ದು ಎಂದಿತು. ಬೆಳ್ಳಿ ಅಷ್ಟರೊಳಗೆ ತೀರಿಸಿಯಾಗಿದ್ದ ಸಾಲವನ್ನು ಯಾವ ಕಾಯಿದೆ ಹಿಂದಕ್ಕೆ ಕೊಡಿಸುತ್ತದೆ?

ಇಲ್ಲಿ ಕಾರಂತರ ಬಗ್ಗೆ ನನ್ನದೊಂದು ದೂರು. ದೂರು ಎನ್ನುವುದಕ್ಕಿಂತ ನೋವು ಎನ್ನಲೇ? ಅವರು ಚೋಮನ ಕೈಗೆ ದುಡಿ ಕೊಟ್ಟರು. ಬಾಯಿಯಲ್ಲಿ ಆಡಲಾಗದ್ದನ್ನೆಲ್ಲ ಅವನು ಅದರಲ್ಲಿ ಬಾರಿಸಿಬಿಡುತ್ತಾನೆ, ಬಾರಿಸುತ್ತಲೇ ಸಾಯುತ್ತಾನೆ. ಬೆಳ್ಳಿಗೆ ಅಂಥದ್ದೇನೂ ಇಲ್ಲ. ಅವಳು ತಂದೆಗೆ ಗಂಜಿ ಕಾಯಿಸುತ್ತಾಳೆ, ತಮ್ಮಂದಿರನ್ನು ನೋಡಿಕೊಳ್ಳುತ್ತಾಳೆ, ಸಾಲ ತೀರಿಸುತ್ತಾಳೆ. ಕೊನೆಯಲ್ಲಿ ಅವಳನ್ನು ಆ ಸ್ಥಿತಿಯಲ್ಲಿ ಕಂಡು ತಂದೆಗಾಗುವ ಆಘಾತ ನಮ್ಮ ಎದೆಗೂ ಬಡಿಯುತ್ತದೆ. ಅವಳಿಗೆ ಏನಾಗಿತ್ತು ಎಂದು ಅವಳ ಬಾಯಲ್ಲೇ ಕೇಳಬೇಕೆಂದರೆ ಪುಸ್ತಕ ಮುಗಿದಿರುತ್ತದೆ. ಕಾರಂತರ ಕರುಣೆ ದೊಡ್ಡದು. ಅಂದಿನ ದಿನಗಳಲ್ಲಿ ಆ ಕೇರಿಯ ಕಡೆಗೆ ತಿರುಗಿದ್ದೇ ದೊಡ್ಡದು. ಆದರೂ ಅದು ಅಂಗಳದಲ್ಲಿ ನಿಂತು ನೋಡಿದ ಕರುಣೆ.

ಗುಡಿಸಲಿನ ಒಳಗಿಂದ ನೋಡಿದರೆ ಹೇಗಿರುತ್ತದೆ ಎಂಬುದು ದೇವನೂರ ಮಹಾದೇವರ ‘ಒಡಲಾಳ’ ಓದಿದಾಗ ತಿಳಿಯಿತು. ಅಲ್ಲಿನ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ, ಬೈಯುತ್ತಾಳೆ, ಗದರುತ್ತಾಳೆ, ಮೊಮ್ಮಕ್ಕಳನ್ನು ಮುದ್ದಿಸುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯಿಡೀ ಎಲ್ಲರೂ ಕೂತು ತಿನ್ನುವ ಆ ಮನೆಯಲ್ಲಿ ಹಸಿವಿನ ಜೊತೆಗೆ ನಗುವೂ ಇದೆ. ಯಾರ ಕರುಣೆಗೂ ಕಾಯದ ಹೆಂಗಸು ಸಾಕವ್ವ. ಬೆಳ್ಳಿಗೂ ಇಂಥ ಬಾಯಿ ಇದ್ದಿರಲೇಬೇಕು. ಹೊರಗೆ ನಿಂತವರಿಗೆ ಅದು ಕೇಳಿಸಲಿಲ್ಲ, ಅಷ್ಟೆ.

ಕೇಳಿಸಲಿಲ್ಲ ಎಂದು ಕಾರಂತರನ್ನು ಅನ್ನುವ ನಾನಾದರೂ ಕೇಳಿಸಿಕೊಂಡಿದ್ದೆನೇ?

ಅಜ್ಜನ ಪುಸ್ತಕದಲ್ಲಿ 1961ರ ಪುಟದಲ್ಲೊಂದು ಆಳಿನ ಹೆಸರಿತ್ತು. ಮುಂದೆ ಮುಂಗಡ ಅರವತ್ತು ರೂಪಾಯಿ. 1964ರಲ್ಲಿ ಆ ಹೆಸರಿಗೆ ಗೀಟು ಎಳೆದು ಕೆಳಗೆ ಅಜ್ಜನ ಗುಂಡು ಅಕ್ಷರದಲ್ಲಿ ‘ಮಗಳ ಬಾಬ್ತು’ ಎಂದಿತ್ತು. ಆ ಮಗಳು ನನಗೆ ಗೊತ್ತು. ನನ್ನ ಜಡೆ ಹೆಣೆಯುತ್ತಿದ್ದವಳು, ಮಳೆಗಾಲದಲ್ಲಿ ಹಳ್ಳ ದಾಟಿಸಿ ಶಾಲೆಯವರೆಗೆ ಬಿಡುತ್ತಿದ್ದವಳು. ನಮ್ಮ ಮನೆಯ ಮೇಲಿನ ಪ್ರೀತಿಗೆ ಬಂದು ಇದ್ದಾಳೆ ಎಂದೇ ನಾನು ತಿಳಿದಿದ್ದೆ.

ಅಮ್ಮನನ್ನು ಕೇಳಿದೆ. ತೊಂಬತ್ತು ದಾಟಿದ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. “ಅವಳಿಗೂ ನಿನ್ನಷ್ಟೇ ವಯಸ್ಸು ಕಣೇ. ನಿನಗಿಂತ ಒಂದು ವರ್ಷಕ್ಕೆ ದೊಡ್ಡವಳೋ ಏನೋ” ಎಂದಳು. ಆಮೇಲೆ, “ಶಾಲೆ ಬಾಗಿಲಲ್ಲಿ ನಿಂತು ನೋಡ್ತಿದ್ದಳಂತೆ. ಮೇಷ್ಟ್ರು ಹೇಳಿ ಕಳಿಸಿದ್ದರು, ಅವಳನ್ನೂ ಸೇರಿಸಿ ಅಂತ. ನಾನೇ ಬೇಡ ಅಂದೆ. ಮನೆಯಲ್ಲಿ ಕೆಲಸ ಇತ್ತಲ್ಲ” ಎಂದಳು.

ಸಂಕಪ್ಪಯ್ಯನ ತಾಯಿ ನನ್ನ ಎದುರಿಗೇ ಕುಳಿತಿದ್ದಳು. ಅವಳನ್ನು ಬೈಯಲು ನನ್ನಿಂದಾಗಲಿಲ್ಲ. ಯಾಕೆಂದರೆ ಆ ಕೆಲಸ ಅವಳು ಮಾಡಿದ್ದರಿಂದಲೇ ನಾನು ಓದಿದೆ, ಕಾಲೇಜಿಗೆ ಹೋದೆ, ‘ಚೋಮನ ದುಡಿ’ ಹಿಡಿದುಕೊಂಡು ಅತ್ತೆ.

ಬಡತನದ ಕಥೆ ಓದಿ ಕಣ್ಣೀರು ಹಾಕುವುದು ನಮಗೆ ಸುಲಭ. ಆ ಕಥೆಯಲ್ಲಿ ನಾವು ಯಾವ ಪಾತ್ರ ಎಂದು ಕೇಳಿಕೊಳ್ಳುವುದು ಕಷ್ಟ. ಒಳ್ಳೆಯ ಪುಸ್ತಕವೊಂದನ್ನು ಎರಡನೆಯ ಸಲ, ಮೂರನೆಯ ಸಲ ಓದಬೇಕಾದದ್ದು ಇದಕ್ಕೇ ಎಂದು ಈಗ ನನಗನಿಸುತ್ತದೆ.

ಲೆಕ್ಕದ ಪುಸ್ತಕವನ್ನು ನಾನು ಪಾಲಿನಲ್ಲಿ ಕೇಳಿ ತೆಗೆದುಕೊಂಡೆ. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಕೊನೆಯ ಪುಟದವರೆಗೂ ತಿರುವಿ ನೋಡಿದ್ದೇನೆ. ಕೆಲವು ಹೆಸರುಗಳ ಮುಂದೆ ‘ಚುಕ್ತಾ’ ಎಂದು ಬರೆದಿದೆ. ಅವಳ ಹೆಸರಿನ ಮುಂದೆ ಬರೆದಿಲ್ಲ. ಬರೆಯುವುದು ಹೇಗೆ? ಅವಳ ಹೆಸರೇ ಆ ಪುಸ್ತಕದಲ್ಲಿಲ್ಲ.