ನಮ್ಮ ಸಿನಿಮಾದಲ್ಲಿಲ್ಲದ ಕಾನ್‌ಸ್ಟೇಬಲ್

ನಮ್ಮೂರಲ್ಲಿ ಭಾನುವಾರ ಸಂಜೆ ಟೀವಿ ಇದ್ದ ಮನೆ ಜಗುಲಿ ತುಂಬಿಹೋಗೋದು. ಮಾಲಾಶ್ರೀ ಸಿನಿಮಾ ಅಂದ್ರೆ ಹೆಂಗಸರೇ ಮುಂದಿನ ಸಾಲು. 'ಎಸ್.ಪಿ. ಭಾರ್ಗವಿ' ಬಂದಿದ್ದು 1991ರಲ್ಲಿ, ನಾನು ನೋಡಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಖಾಕಿ ಪ್ಯಾಂಟು ಹಾಕ್ಕೊಂಡು ಆಕೆ ರೌಡಿಗಳಿಗೆ ಬಾರಿಸ್ತಿದ್ರೆ, ಮನೇಲಿ ಏಟು ತಿಂದು ಬಂದಿದ್ದ ಹೆಂಗಸರೂ ಚಪ್ಪಾಳೆ ತಟ್ಟೋರು. ನಮ್ಮೂರ ಜಾತ್ರೆ ಬಂದೋಬಸ್ತಿಗೆ ಬರ್ತಿದ್ದ ನಿಜವಾದ ಮಹಿಳಾ ಪೊಲೀಸರು ಮಾತ್ರ ಖಾಕಿ ಸೀರೆ ಉಟ್ಟು, ಬಿಸಿಲಲ್ಲಿ ಸೆರಗು ಸರಿ ಮಾಡ್ಕೋತಾ ನಿಂತಿರೋರು. ಸೀರೆ ಬದಲು ಶರ್ಟು-ಪ್ಯಾಂಟು ಅಂತ ಇಲಾಖೆ ಆದೇಶ ಬಂದಿದ್ದು 2018ರಲ್ಲಿ, ನೀಲಮಣಿ ಎನ್. ರಾಜು ರಾಜ್ಯದ ಪೊಲೀಸ್ ಮುಖ್ಯಸ್ಥೆ ಆಗಿದ್ದಾಗ. ಹಂಗೆ ನೋಡಿದ್ರೆ ಸಿನಿಮಾ ಇಪ್ಪತ್ತೇಳು ವರ್ಷ ಮುಂದಿತ್ತು. ನನ್ನ ತಕರಾರು ಇಷ್ಟೇ: ಪ್ಯಾಂಟು ಹಾಕಿಸೋದ್ರಲ್ಲಿ ಮುಂದಿತ್ತು. ಆಕೆ ಠಾಣೆಯಲ್ಲಿ ಮಾಡೋ ಕೆಲಸವನ್ನ ಸರಿಯಾಗಿ ನೋಡ್ಲೇ ಇಲ್ಲ.

ಇದು ತಲೆಗೆ ಬಂದಿದ್ದು 'ದಂಡುಪಾಳ್ಯ'ದ ಮೊದಲ ಎರಡು ಭಾಗಗಳನ್ನ ಒಂದೇ ವಾರ ಮತ್ತೆ ನೋಡಿದಾಗ. ಎರಡೂ ಶ್ರೀನಿವಾಸ ರಾಜು ನಿರ್ದೇಶನದವು. 2012ರ ಮೊದಲನೇದ್ರಲ್ಲಿ ಪೂಜಾ ಗಾಂಧಿ ಲಕ್ಷ್ಮಿ ಆಗಿ ಕುಡಿಯೋಕೆ ನೀರು ಕೇಳಿ ಬಾಗಿಲು ತೆಗೆಸ್ತಾರೆ. ನಟನೆ ಎಷ್ಟು ನಾಟಿತು ಅಂದ್ರೆ, ಆಮೇಲೆ ನಮ್ಮಮ್ಮ ಗೊತ್ತಿಲ್ಲದೋರು ನೀರು ಕೇಳಿದ್ರೆ ಕಿಟಕಿ ಸಂದಿಯಿಂದಲೇ ಲೋಟ ಕೊಡೋಕೆ ಶುರು ಮಾಡಿದ್ರು. 2017ರ ಎರಡನೇದು ಕಥೆಯನ್ನ ತಿರುಗಿಸಿ ಹಾಕ್ತು. ಅವರೇ ಅಪರಾಧಿಗಳಾ, ಇಲ್ಲ ಪೊಲೀಸರು ಬಡಿದು ಒಪ್ಪಿಸಿದ್ದಾ ಅಂತ ಕೇಳ್ತು. ಮೊದಲು ರಾಕ್ಷಸಿ, ಆಮೇಲೆ ಬಲಿಪಶು. ಕೊಲೆ ಮಾಡಿದವಳನ್ನೂ ಠಾಣೆಯಲ್ಲಿ ಬಡಿಯೋ ಹಂಗಿಲ್ಲ, ಏಟು ತಿಂದ ಮಾತ್ರಕ್ಕೆ ನಿರಪರಾಧಿ ಅಂತಲೂ ಅಲ್ಲ. ಇವೆರಡನ್ನ ಒಬ್ಬಳೇ ಹೆಂಗಸಿನಲ್ಲಿ ಒಟ್ಟಿಗೆ ನೋಡೋಕೆ ಈ ಸಿನಿಮಾಗಳಿಗೆ ಆಗ್ಲಿಲ್ಲ. ಇನ್ನು ಸತ್ತ ಹೆಂಗಸರಿಗೆ ಬಾಗಿಲು ತೆಗೆಯೋದು, ಕಿರುಚೋದು ಬಿಟ್ರೆ ಕಥೆಯೇ ಇಲ್ಲ.

ನಿಜವಾದ ಕೇಸುಗಳು ಹಿಂಗಿರಲ್ಲ. ಹಾರೋಹಳ್ಳಿಯಿಂದ ಬೆಂಗಳೂರಿಗೆ ಹೋಗೋ ದಾರೀಲಿ ಕಗ್ಗಲೀಪುರ ಸಿಗುತ್ತೆ. ಪೇಪರಿನೋರು 'ಸಯನೈಡ್ ಮಲ್ಲಿಕಾ' ಅಂತ ಹೆಸರಿಟ್ಟ ಹೆಂಗಸು ಆ ಊರಿನವಳು, ಸಿಕ್ಕಿಬಿದ್ದಿದ್ದು 2007ರ ಕೊನೇಲಿ. ದೇವಸ್ಥಾನಗಳಲ್ಲಿ ಕಷ್ಟ ಹೇಳ್ಕೊಳ್ಳೋ ಹೆಂಗಸರನ್ನ ಪರಿಚಯ ಮಾಡ್ಕೊಂಡು, ಪೂಜೆ ಇದೆ, ಒಡವೆ ಹಾಕ್ಕೊಂಡು ಬಾ ಅಂತ ಕರೆಸಿ, ತೀರ್ಥದಲ್ಲಿ ಸಯನೈಡ್ ಕೊಡ್ತಿದ್ಲು ಅನ್ನೋದು ಕೇಸು. ಅವಳ ಅಡ್ಡಹೆಸರು ನಮಗೆಲ್ಲ ಬಾಯಿಪಾಠ. ಆ ಹೆಂಗಸರು ತಮ್ಮ ಕಷ್ಟವನ್ನ ಗುರುತಿಲ್ಲದವಳ ಹತ್ರ ಯಾಕೆ ಹೇಳ್ಕೊಂಡ್ರು ಅಂತ ನಾವು ಕೇಳಲ್ಲ. ಹೇಳ್ಕೊಳ್ಳೋಕೆ ಬೇರೆ ಜಾಗ ಇತ್ತಾ?

ಅಂಥ ಜಾಗ ಹೆಂಗಿರುತ್ತೆ ಅಂತ ನಾನು ಒಂದ್ಸಲ ಕಂಡಿದ್ದೀನಿ. ನಮ್ಮ ಚಿಕ್ಕಮ್ಮನ ಮಗಳು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರೀಲಿ ಕೆಲಸ ಮಾಡ್ತಾಳೆ. ಹೆಂಗಸರು ರಾತ್ರಿ ಪಾಳಿ ಮಾಡಬಹುದು ಅಂತ 2019ರ ನವೆಂಬರಲ್ಲಿ ಸರ್ಕಾರ ಷರತ್ತು ಹಾಕಿ ಒಪ್ಪಿತು. ವ್ಯಾನು ಬಿಡೋದು ಮೇನ್ ರೋಡಿಗೆ. ಅಲ್ಲಿಂದ ಊರಿಗೆ ಕತ್ತಲಲ್ಲಿ ನಡೀಬೇಕು. ಒಂದು ರಾತ್ರಿ ಬೈಕಲ್ಲಿ ಬಂದವನು ಮೈಮೇಲೆ ಕೈ ಹಾಕ್ದ. ಬೆಳಿಗ್ಗೆ ಅವಳನ್ನ ಠಾಣೆಗೆ ಕರ್ಕೊಂಡು ಹೋದೆ, ಯಾವುದು ಅಂತ ಬೇಡ. ಟೇಬಲ್ ಹಿಂದಿದ್ದ ಸಾಹೇಬ್ರು ಕೇಳಿದ ಮೊದಲ ಪ್ರಶ್ನೆ, "ಅಷ್ಟೊತ್ತಲ್ಲಿ ಒಬ್ಳೇ ಯಾಕಮ್ಮ ಬಂದೆ?" ಎರಡನೇದು ನನಗೆ, "ಹುಡುಗಿ ಹೆಸರು ಹಾಳಾಗಲ್ವೇನ್ರೀ?" ಬಿಇ ಓದಿದ ನಾನು ಬಾಯಿ ಬಿಡ್ಲಿಲ್ಲ.

ಆಗ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ತಂಗೀನ ವರಾಂಡಕ್ಕೆ ಕರ್ಕೊಂಡು ಹೋಗಿ ಪೆನ್ನು ಕೊಟ್ರು. "ಕಿರುಕುಳ ಕೊಟ್ಟ ಅಂತ ಬರೆದ್ರೆ ಸಾಲ್ದು ಕಣವ್ವ. ಎಷ್ಟೊತ್ತು, ಎಲ್ಲಿ, ಏನಂದ, ಎಲ್ಲಿ ಕೈ ಹಾಕ್ದ, ಎಲ್ಲಾ ಬರಿ. ಇವತ್ತು ನಾಚ್ಕೊಂಡು ಬಿಟ್ರೆ ನಾಳೆ ವಕೀಲ ಅದನ್ನೇ ಕೇಳ್ತಾನೆ." ಮುಕ್ಕಾಲು ಗಂಟೆ ಪಕ್ಕದಲ್ಲೇ ಕೂತಿದ್ರು. ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ಇನ್ನೂ ಮನೆಗೇ ಹೋಗಿರ್ಲಿಲ್ಲ ಅವರು. ಅದು ಅವರ ಒಳ್ಳೇತನ ಅಂದ್ಕೊಂಡಿದ್ದೆ. ಆಮೇಲೆ ಓದ್ದೆ: ಇಂಥ ದೂರನ್ನ ಮಹಿಳಾ ಅಧಿಕಾರಿಯೇ ದಾಖಲಿಸಬೇಕು ಅಂತ 2013ರಿಂದ ಕಾನೂನೇ ಇದೆ.

ಮೇಲಿನ ಹುದ್ದೆಗಳಲ್ಲೂ ಕೆಲಸ ಅಂದ್ರೆ ಕಾಗದವೇ. ಎರಡನೇ 'ದಂಡುಪಾಳ್ಯ' ತೆರೆಗೆ ಬಂದ 2017ರ ಜುಲೈನಲ್ಲೇ, ಕಾರಾಗೃಹ ಡಿಐಜಿ ಆಗಿದ್ದ ಡಿ. ರೂಪಾ ಪರಪ್ಪನ ಅಗ್ರಹಾರ ಜೈಲಲ್ಲಿ ಶಶಿಕಲಾಗೆ ವಿಶೇಷ ಸೌಲಭ್ಯ ಸಿಗ್ತಿದೆ ಅಂತ ವರದಿ ಕೊಟ್ರು. ಗುಂಡು ಹಾರ್ಲಿಲ್ಲ, ಜೀಪು ಪಲ್ಟಿ ಹೊಡೀಲಿಲ್ಲ. ಸರ್ಕಾರವೇ ಅಲ್ಲಾಡ್ತು. ಕೆಲವೇ ದಿನದಲ್ಲಿ ಅವರ ವರ್ಗಾವಣೆಯೂ ಆಯ್ತು.

ಮಾಲಾಶ್ರೀ ಒದೆ ಬೇಡ ಅಂತಿಲ್ಲ ನಾನು. ಆ ಜಗುಲಿ ಹೆಂಗಸರಿಗೆ ಅದರಿಂದ ಒಂಚೂರು ಧೈರ್ಯ ಬಂದಿತ್ತು. ಆದ್ರೆ ಠಾಣೆ ಮೆಟ್ಟಿಲು ಹತ್ತಿದ ಮೇಲೆ ಏನು ಬರೀಬೇಕು, ಯಾರನ್ನ ಕೇಳಬೇಕು ಅಂತ ಅವರಿಗೆ ಯಾರೂ ತೋರಿಸ್ಲಿಲ್ಲ.

ತಂಗಿ ಕೇಸು ಇನ್ನೂ ನಡೀತಿದೆ. ಅವಳು ಪಾಳಿಗೆ ಹೋಗೋದು ಬಿಟ್ಟಿಲ್ಲ. ಸಿನಿಮಾ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ಆ ವರಾಂಡದ ಸೀನು ಇಟ್ಕೊಳ್ಳಿ. ಫೈಟ್ ಮಾಸ್ಟರ್ ಖರ್ಚೂ ಉಳಿಯುತ್ತೆ.